ಪರ್ಸ್ ಬೀಳುತ್ತಿಲ್ಲ, ಬಿದ್ದಿದೆ

ಜಪಾನೀಸ್ ಕಲಿಸೋದು ಹೇಗೆ ಅಂತ ಕಲಿಯೋಕೆ ನಾನು ಸುರಿದ ದುಡ್ಡಿನ ಲೆಕ್ಕ ಮೊದಲು. 420 ಗಂಟೆಗಳ ಶಿಕ್ಷಕ ತರಬೇತಿಗೆ ಹತ್ತಿರಹತ್ತಿರ 5.5 ಲಕ್ಷ ಯೆನ್. ಹಲೋ ವರ್ಕ್ ಅನ್ನೋ ಸರ್ಕಾರಿ ಉದ್ಯೋಗ ಕಚೇರಿ ಕಡೆಯಿಂದ ಶೇ. 20 ವಾಪಸ್ ಬರುತ್ತೆ, ಆದರೆ 1 ಲಕ್ಷಕ್ಕೆ ಮಿತಿ. ನನಗೆ ಬಂದದ್ದೂ ಅಷ್ಟೇ. ಅದಕ್ಕೂ ಮೊದಲು ಜಪಾನೀಸ್ ಭಾಷಾ ಪರೀಕ್ಷೆಯ ಅತಿ ಕಠಿಣ ಹಂತ ಎನ್1 ಎರಡು ಸಲ ಬರೆದೆ, ಕೋಚಿಂಗಿಗೆ ಬೇರೆ ಖರ್ಚು. ಎನ್1 ಸರ್ಟಿಫಿಕೇಟ್ ಬಂದಾಗ ಖುಷಿಪಟ್ಟದ್ದು ನಾನೊಬ್ಬನೇ, ನನ್ನ ಕ್ಲಾಸಿಗೆ ಅದರಿಂದ ಏನೂ ಆಗಲಿಲ್ಲ. ಇಷ್ಟೆಲ್ಲ ಆದಮೇಲೆ ಟೋಕಿಯೋದ ನಿಶಿ-ಕಸಾಯಿಯ ನನ್ನ ಭಾನುವಾರದ ಬ್ಯಾಚಿನಿಂದ ಎಂಟು ಜನ ಅದೇ ಪರೀಕ್ಷೆಯ ಕೆಳಗಿನಿಂದ ಎರಡನೇ ಹಂತ ಎನ್4 ಬರೆದರು. ಪಾಸಾದವರು ಮೂರು.

ತರಬೇತಿಯಲ್ಲಿ ತಲೆಗೆ ತುಂಬಿದ್ದು ಒಂದೇ: ಚೊಕುಸೆತ್ಸು-ಹೋ, ಅಂದರೆ ಜಪಾನೀಸನ್ನು ಜಪಾನೀಸಿನಲ್ಲೇ ಕಲಿಸಬೇಕು. ನೇಪಾಳ, ವಿಯೆಟ್ನಾಂ, ಚೀನಾದವರೆಲ್ಲ ಒಂದೇ ಕೋಣೆಯಲ್ಲಿ ಕೂತಿರುವ ಶಾಲೆಗೆ ಅದು ಸರಿ, ಬೇರೆ ದಾರಿಯೂ ಇಲ್ಲ. ನನ್ನ ಮುಂದೆ ಕೂತ ಎಂಟೂ ಜನ ಕನ್ನಡದವರು. ನಾನೂ ಕನ್ನಡದವನೇ. ಆದರೂ ಚಿತ್ರದ ಕಾರ್ಡು ಹಿಡಿದುಕೊಂಡು ಮೂಕಾಭಿನಯ ಮಾಡುತ್ತಿದ್ದೆ, ಕೈ ಸೋತಾಗ ಇಂಗ್ಲಿಷಿಗೆ ಜಾರುತ್ತಿದ್ದೆ. ಕನ್ನಡ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ತಪ್ಪು ಎಲ್ಲಿದೆ ಅಂತ ನೋಡಲು ಕ್ಲಾಸ್ ರೆಕಾರ್ಡ್ ಮಾಡತೊಡಗಿದೆ. ಮೊದಲ ಸಲ ಫೋನನ್ನು ಕಪಾಟಿನ ಮೇಲಿಟ್ಟೆ. ಎರಡು ಗಂಟೆ ಬರೀ ಏಸಿ ಸದ್ದು. ಎರಡನೇ ಸಲ ಮೇಜಿನ ಮೇಲಿಟ್ಟೆ, ನನ್ನ ಗಂಟಲು ಬಿಟ್ಟು ಬೇರೇನೂ ಬರಲಿಲ್ಲ. ಕೊನೆಗೆ 8,000 ಯೆನ್ ಆಸುಪಾಸಿನ ಒಂದು ಐಸಿ ರೆಕಾರ್ಡರ್ ತಂದು ವಿದ್ಯಾರ್ಥಿಗಳ ನಡುವೆ ಇಟ್ಟೆ. ನಾನು ಹಾಕಿದ ದುಡ್ಡಿನಲ್ಲಿ ದುಡಿದದ್ದು ಅದೊಂದೇ.

ಇಡೀ ಕ್ಲಾಸ್ ಕೇಳಲು ಹೋಗಬೇಡಿ, ಮೂರನೇ ವಾರಕ್ಕೆ ಬಿಟ್ಟುಬಿಡುತ್ತೀರಿ. ಹತ್ತು ನಿಮಿಷ ಆರಿಸಿ, ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳಿ. ಯಾವ ಹತ್ತು ನಿಮಿಷ ಅನ್ನೋದರಲ್ಲೇ ಕೈಚಳಕ ಇರೋದು, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮೊದಲ ಸಲ ಬರೆಯಲು ಮೂರು ಗಂಟೆ ಹಿಡಿಯಿತು, ಈಗ ಒಂದೂಕಾಲು. ಮೊದಲು ಬರೆದ ಆ ಹತ್ತರಲ್ಲಿ ಏಳೂವರೆ ನಿಮಿಷ ನಾನೇ ಮಾತಾಡಿದ್ದೆ. ಪ್ರಶ್ನೆ ಕೇಳಿ ಒಂದು ಸೆಕೆಂಡೂ ಕಾಯದೆ ಉತ್ತರವನ್ನೂ ನಾನೇ ಕೊಟ್ಟಿದ್ದೆ. ‘ಹೈ, ಸೋ ದೆಸು ನೆ’ (ಹೌದು, ಹಾಗೇ) ಅಂತ ಮೂವತ್ತು ಚಿಲ್ಲರೆ ಸಲ. ನಾಚಿಕೆ ಆಯಿತು.

ಆ ಹತ್ತು ನಿಮಿಷದಲ್ಲಿ ನಡೆದದ್ದು ಕ್ರಿಯಾಪದದ ಕೊನೆಗೆ ಬರುವ ‘ತೆ-ಇರು’ ರೂಪದ ಪಾಠ. ಬೀದಿಯಲ್ಲಿ ಪರ್ಸ್ ಬಿದ್ದಿರುವ ಕಾರ್ಡ್ ತೋರಿಸಿ ‘ಸೈಫು ಗ ಓಚಿತೆ ಇಮಾಸು’ ಅಂದೆ. ‘ತೆ-ಇರು’ ಅಂದರೆ ಇಂಗ್ಲಿಷಿನ ‘ಇಂಗ್’ ಅಂತ ಹಿಂದಿನ ವಾರ ನಾನೇ ಹೇಳಿಕೊಟ್ಟಿದ್ದೆನಲ್ಲ, ಒಬ್ಬರು ಪರ್ಸ್ ಎಲ್ಲಿಂದ ಬೀಳುತ್ತಿದೆ ಅಂತ ಕೇಳಿದರು. ಬೀಳೋದು ಮುಗಿದಿದೆ, ಅದರ ಫಲ ಉಳಿದಿದೆ ಅಂತ ಇಂಗ್ಲಿಷಿನಲ್ಲಿ ನಾಲ್ಕು ನಿಮಿಷ ಒದ್ದಾಡಿದೆ. ರೆಕಾರ್ಡರ್ ಪಕ್ಕದಲ್ಲೇ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಬಿದ್ದಿದೆ ಅಂತ ಕಣೋ, ಬೀಳ್ತಾ ಇದೆ ಅಂತ ಅಲ್ಲ.”

ಕೇಳಿ ಎದ್ದು ಕೂತೆ. ಬಿದ್ದು ಇದೆ, ಓಚಿತೆ ಇರು. ಮದುವೆಯಾಗಿದೆ, ಕೆಕ್ಕೊನ್ ಶಿತೆ ಇರು. ಕಿಟಕಿ ತೆರೆದಿದೆ, ಮಾದೊ ಗ ಆಯಿತೆ ಇರು. ಇನ್ನು ಸಾಲುಸಾಲಾಗಿ ಬಂತು. ತಬೆತೆ ಮಿರು, ತಿಂದು ನೋಡು. ತಬೆತೆ ಶಿಮತ್ತಾ, ತಿಂದುಬಿಟ್ಟೆ. ಕತ್ತೆ ಓಕು, ಕೊಂಡಿಡು. ನಾನು ಮೂರು ಕ್ಲಾಸ್ ಎಳೆಯುತ್ತಿದ್ದ ಪಾಠವನ್ನು ಈಗ ಅರ್ಧ ಗಂಟೆಯಲ್ಲಿ ಮುಗಿಸಿ, ಉಳಿದ ಹೊತ್ತು ಅವರಿಂದಲೇ ಮಾತಾಡಿಸುತ್ತೇನೆ, ಅದೂ ಜಪಾನೀಸಿನಲ್ಲೇ. ಕನ್ನಡ ಬೇಕಾಗೋದು ಒಂದು ವಾಕ್ಯಕ್ಕೆ ಮಾತ್ರ.

ತರಬೇತಿಯಲ್ಲಿ ಪರಿಚಯವಾದ ಹಿರಿಯ ಸೆನ್ಸೇ (ಗುರು) ಒಬ್ಬರಿಗೆ ಇದನ್ನು ಹೇಳಿದೆ. “ಅದು ಹೊನ್ಯಾಕು, ಜುಗ್ಯೋ ಅಲ್ಲ” ಅಂದರು, ನಗುತ್ತಲೇ. ಅನುವಾದ, ಪಾಠ ಅಲ್ಲ ಅಂತ. ಜೊತೆಯವರೂ ತಲೆ ಆಡಿಸಿದರು. ನಾನು ವಾದಕ್ಕೆ ಹೋಗಲಿಲ್ಲ. ವಾರ್ಡಿನ ಸ್ವಯಂಸೇವಕ ತರಗತಿಯಲ್ಲಿ ಕಲಿಸುವ ಇಬ್ಬರು ಜಪಾನಿ ಹೆಂಗಸರನ್ನೂ ಇನ್ನೊಬ್ಬ ಕನ್ನಡದವರನ್ನೂ ಸೇರಿಸಿಕೊಂಡೆ. ಎರಡು ವಾರಕ್ಕೊಮ್ಮೆ ಪ್ರತಿಯೊಬ್ಬರದ್ದೂ ಹತ್ತು ನಿಮಿಷದ ಬರಹ, ಜೊತೆಗೆ ಒಂದೇ ಪ್ರಶ್ನೆ. ಹೊಗಳಿಕೆ ನಿಷಿದ್ಧ. ಜಪಾನಿನಲ್ಲಿ ಈ ಕೊನೆಯ ನಿಯಮವನ್ನು ಜಾರಿಗೆ ತರಲು ಎರಡು ತಿಂಗಳು ಬೇಕಾಯಿತು.

ನಡುವೆ ಉಚ್ಚಾರಣೆಯ ಹುಚ್ಚೂ ಹತ್ತಿತು. ಟೋಕಿಯೋ ವಿಶ್ವವಿದ್ಯಾಲಯದವರು ರೂಪಿಸಿದ ಓಜಾಡ್ ಅನ್ನೋ ಉಚ್ಚಾರಣೆಯ ಆನ್‌ಲೈನ್ ನಿಘಂಟು ಇದೆಯಲ್ಲ, ಅದರ ‘ಸುಝುಕಿ-ಕುನ್’ಗೆ ವಾಕ್ಯ ಹಾಕಿದರೆ ಸ್ವರದ ಏರಿಳಿತ ಗೆರೆಯಾಗಿ ಬರುತ್ತೆ. ಒಂದು ತಿಂಗಳು ದಿನಾ ಅರ್ಧ ಗಂಟೆ ಅದರ ಹಿಂದೆ ಬಿದ್ದು, ಹಾಶಿ ಅಂದರೆ ಸೇತುವೆಯೋ ಚಾಪ್‌ಸ್ಟಿಕ್ಕೋ ಅಂತ ತಿದ್ದಿಕೊಂಡೆ. ವಿದ್ಯಾರ್ಥಿಗಳಲ್ಲಿ ಒಬ್ಬರೂ ಗಮನಿಸಲಿಲ್ಲ. ಆದರೆ 2024ರ ನವೆಂಬರಿನಲ್ಲಿ ನೋಂದಾಯಿತ ಜಪಾನೀಸ್ ಶಿಕ್ಷಕರ ಮೊದಲ ಪರೀಕ್ಷೆ ನಡೆಯಿತಲ್ಲ, 18,900 ಯೆನ್ ಕಟ್ಟಿ ಕೂತಿದ್ದೆ. ಅದರ ಓಯೋ (ಅನ್ವಯಿಕ) ಪರೀಕ್ಷೆಯ 50 ನಿಮಿಷದ ಆಡಿಯೋ ಭಾಗದಲ್ಲಿ ಆ ತಿಂಗಳು ಕೈಹಿಡಿಯಿತು. ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಗುರುತಿಸೋ ಪ್ರಶ್ನೆಗಳು ನನಗೆ ನನ್ನ ಭಾನುವಾರದ ರೆಕಾರ್ಡಿಂಗ್ ಇದ್ದಂತೆಯೇ ಇದ್ದವು. ಮೊದಲ ಯತ್ನದಲ್ಲೇ ಪಾಸು.

ಕನ್ನಡ ಎಲ್ಲ ಕಡೆಯೂ ಕೈಹಿಡಿಯಲ್ಲ, ಅದನ್ನೂ ಹೇಳಬೇಕು. ‘ನನಗೆ ಸುಶಿ ಇಷ್ಟ’ದ ದಾರಿಯಲ್ಲಿ ಹೋದವರು ‘ವಾತಾಶಿ ವ’ ಅನ್ನೋ ಬದಲು ‘ವಾತಾಶಿ ನಿ’ ಅಂದುಬಿಡುತ್ತಾರೆ. ಇನ್ನೊಬ್ಬರಿಂದ ಮಾಡಿಸಿಕೊಳ್ಳೋ ಅರ್ಥದ ‘ತೆ ಮೊರಾವು’ಗೆ ‘ಹೇಳಿಸಿಕೊಂಡೆ’ ಅಂತ ಕೊಟ್ಟೆ, “ಯಾರ ಹತ್ತಿರ ಬೈಸಿಕೊಂಡಿರಿ ಸಾರ್?” ಅಂತ ಕ್ಲಾಸೆಲ್ಲ ನಕ್ಕಿತು. ಈಗ ‘ಮಾಡಿಸಿಕೊಂಡೆ’ಯಿಂದ ಶುರು ಮಾಡುತ್ತೇನೆ.

ಮುಂದಿನ ವರ್ಷದ ಜುಲೈಯಲ್ಲಿ ಒಂಬತ್ತು ಜನ ಎನ್4 ಬರೆದರು, ಏಳು ಜನ ಪಾಸ್. ಉಳಿದಿಬ್ಬರಲ್ಲಿ ಒಬ್ಬರಿಗೆ ಬೇಕಾದ 90ಕ್ಕೆ ನಾಲ್ಕೋ ಐದೋ ಕಡಿಮೆ. ಸೆನ್ಸೇಗೆ ಪಟ್ಟಿ ಕಳಿಸಿದೆ. ಎರಡು ದಿನ ಬಿಟ್ಟು, ರೆಕಾರ್ಡರ್ ಯಾವ ಕಂಪನಿಯದ್ದು ಅಂತ ಕೇಳಿ ಮೆಸೇಜ್ ಬಂತು.

ನನ್ನನ್ನು ಈಗಲೂ ಕಾಡುತ್ತಿರುವುದು ಆಗೆರು-ಕುರೆರು. ನಾನು ಕೊಟ್ಟರೆ ಆಗೆರು, ನನಗೆ ಕೊಟ್ಟರೆ ಕುರೆರು. ಕನ್ನಡದಲ್ಲಿ ನಾನು ಕೊಟ್ಟರೂ ‘ಕೊಡು’, ನನಗೆ ಕೊಟ್ಟರೂ ‘ಕೊಡು’. ಮಲಯಾಳಂನಲ್ಲಿ ಎರಡಕ್ಕೂ ಬೇರೆಬೇರೆ ಕ್ರಿಯಾಪದ ಇದೆ, ನಮ್ಮಲ್ಲಿಲ್ಲ. ಬಾಣದ ಗುರುತು, ನಾಟಕ, ನಿಜವಾದ ಚಾಕೊಲೇಟು ಎಲ್ಲ ಮಾಡಿ ಮೂರು ಕ್ಲಾಸ್ ಕಳೆದೆ, ಚಾಕೊಲೇಟ್ ಖಾಲಿಯಾಯಿತು ಅಷ್ಟೇ. ಕನ್ನಡದವರಿಗೆ ಇದನ್ನು ದಾಟಿಸಿದವರು ಯಾರಾದರೂ ಇದ್ದರೆ ಹೇಳಿ, ಬದಲಿಗೆ ಆ ಹತ್ತು ನಿಮಿಷದ ಗುಟ್ಟು ಬಿಟ್ಟುಕೊಡುತ್ತೇನೆ.