ಸಂಜೆ ಪ್ರಾರ್ಥನೆ: ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದ ಕ್ರಮ

ಮನೆ ಪ್ರಾರ್ಥನೆಯ ಗಾಂಭೀರ್ಯ ಕೆಡುವುದು ಹೆಚ್ಚಾಗಿ ಪುಟ ಹುಡುಕುವಾಗ. ಎಲ್ಲರೂ ಚಾಪೆ ಮೇಲೆ ಕೂತಾಯಿತು, ಆಮೇಲೆ "ಇವತ್ತು ಎಲ್ಲಿಂದ?" ಅಂತ ಶುರು. ಒಬ್ಬರು ಸತ್ಯವೇದದ (ಬೈಬಲಿನ) ಹಗ್ಗಾಯನ ಪುಸ್ತಕದಲ್ಲಿ, ಇನ್ನೊಬ್ಬರು ಹಬಕ್ಕೂಕನ ಪುಸ್ತಕದಲ್ಲಿ ಸಿಕ್ಕಿಕೊಂಡಿರುತ್ತಾರೆ, ಮಕ್ಕಳಿಗೆ ನಗು. ಅದಕ್ಕೇ ನಾನು ಮಧ್ಯಾಹ್ನವೇ ಸತ್ಯವೇದದಲ್ಲಿ 2 ರಿಬ್ಬನ್ ಇಟ್ಟಿರುತ್ತೇನೆ: ಕೆಂಪು ಅದರ ಕೀರ್ತನೆಗಳ ಪುಸ್ತಕಕ್ಕೆ, ನೀಲಿ ಯೇಸುವಿನ ಕಥೆ ಹೇಳುವ ಸುವಾರ್ತೆಗೆ. ಗೀತೆಯ ನಂಬರು ಚೀಟಿಯಲ್ಲಿ. ಮೊಬೈಲುಗಳೆಲ್ಲ ಅಡುಗೆಮನೆಯ ಶೆಲ್ಫಿನಲ್ಲಿ, ಸೈಲೆಂಟ್ ಅಲ್ಲ, ಪೂರ್ತಿ ಆಫ್. ಗುಯ್‌ಗುಡುವ ಮೊಬೈಲು ರಿಂಗಾಗುವುದಕ್ಕಿಂತ ಕಡೆ.

ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆ. ಮನೆಯ ಕ್ರಮವೂ ಹೆಚ್ಚುಕಮ್ಮಿ ದೇವಾಲಯದ್ದೇ, ಗಾತ್ರ ಮಾತ್ರ ಚಿಕ್ಕದು: 1 ನಿಮಿಷ ಮೌನ, ಗೀತೆಯ 2 ಚರಣ, ಪಾಪ ಅರಿಕೆ, ಕೀರ್ತನೆ, ಸುವಾರ್ತೆ, ಮತ್ತೆ ಮೌನ, ಬಿನ್ನಹ (ಇತರರಿಗಾಗಿ ಬೇಡುವುದು), ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಒಟ್ಟು 20 ನಿಮಿಷ, ಊಟಕ್ಕೆ ಮುಂಚೆ. ಊಟವಾದ ಮೇಲೆ ಇಟ್ಟರೆ ಅರ್ಧ ಜನ ತೂಕಡಿಸುತ್ತಾರೆ. ಮೊಣಕಾಲೂರುವುದು ಪಾಪ ಅರಿಕೆಗೆ ಮಾತ್ರ. ಮಂಡಿನೋವಿನವರು ಕುರ್ಚಿಯಲ್ಲೇ ತಲೆ ಬಾಗಿಸಿದರೆ ಸಾಕು. ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆಯ ಕಾಲದಿಂದ ಬಂದ ಜರ್ಮನ್ ರಾಗದ ಗೀತೆಗಳನ್ನು ತಗ್ಗಿದ ಶ್ರುತಿಯಲ್ಲೇ ಎತ್ತಿಕೊಳ್ಳಬೇಕು. ಮಾತಿನ ದನಿಯಲ್ಲಿ ಶುರು ಮಾಡಿದರೆ ಮೂರನೇ ಸಾಲಿಗೆ ಬರುವಷ್ಟರಲ್ಲಿ ಗಂಟಲು ಕೈಕೊಡುತ್ತದೆ.

ಹೆಚ್ಚು ಗಮನ ಬೇಡುವುದು ಕೀರ್ತನೆ. 150 ಕೀರ್ತನೆಗಳನ್ನು ಕ್ರಮವಾಗಿ ಓದುತ್ತೇವೆ, ಇಷ್ಟವಾದವನ್ನು ಆರಿಸುವುದಿಲ್ಲ. 119ನೆಯದು 22 ಖಂಡ, ಖಂಡಕ್ಕೆ 8 ವಚನ; ಸಂಜೆಗೊಂದು ಖಂಡ. 72 ವಚನಗಳ 78ನೆಯದನ್ನು 3 ಸಂಜೆಗೆ ಹಂಚುತ್ತೇವೆ. ಹೀಗೆ ಒಂದು ಸುತ್ತಿಗೆ 173 ಸಂಜೆ. ಆರಿಸಿ ಓದಿದರೆ 23ನೆಯದೂ 121ನೆಯದೂ ತಿರುತಿರುಗಿ ಬರುತ್ತವೆ, 88ನೆಯದರ ಸರದಿ ಬರುವುದೇ ಇಲ್ಲ. ಅದು ಕತ್ತಲೆಯಲ್ಲೇ ಮುಗಿಯುವ ಕೀರ್ತನೆ. ಮನೆಯಲ್ಲಿ ಯಾರಾದರೂ ಕಷ್ಟದಲ್ಲಿದ್ದಾಗ ಅದನ್ನು ಬಿಟ್ಟು ಮುಂದೆ ಹೋಗಬೇಕು ಅನಿಸುತ್ತದೆ, ಹೋಗಬಾರದು.

ಕೀರ್ತನೆಯ ವಚನ ಸಾಮಾನ್ಯವಾಗಿ ಎರಡು ಪಾಲು. ಮೊದಲ ಪಾಲು ಹೇಳಿದ್ದನ್ನು ಎರಡನೆಯದು ಬೇರೆ ಮಾತಿನಲ್ಲಿ ಎತ್ತಿ ಹಿಡಿಯುತ್ತದೆ, ಇಲ್ಲವೇ ತಿರುಗಿಸುತ್ತದೆ. ಮೊದಲ ಪಾಲು ಒಬ್ಬರು ಓದುತ್ತೇವೆ, ಒಂದು ಉಸಿರು ಬಿಟ್ಟು ಉಳಿದವರು ಎರಡನೆಯದನ್ನು. ಆ ಒಂದು ಉಸಿರನ್ನು ಕಾಯುವುದೇ ಕಷ್ಟ. ಎರಡು ವಾರವಾದ ಮೇಲೆ ಎಲ್ಲರಿಗೂ ಅವಸರ ಬರುತ್ತದೆ, ಓದು ಮಗ್ಗಿ ಒಪ್ಪಿಸಿದಂತಾಗುತ್ತದೆ. ಆಗ ಮುಂದಾಳು ದನಿ ಏರಿಸಬಾರದು, ತಗ್ಗಿಸಬೇಕು. ಉಳಿದವರು ತಾವಾಗಿಯೇ ನಿಧಾನಕ್ಕೆ ಬರುತ್ತಾರೆ. ಓದು ಬಾರದ ಮಕ್ಕಳಿಗೆ 136ನೆಯದು ಹಬ್ಬ: 26 ವಚನಕ್ಕೂ ಒಂದೇ ಪಲ್ಲವಿ. ಮೂರು ವರ್ಷದ ಮಗುವೂ ನಾಲ್ಕನೇ ಸಲಕ್ಕೆ ದನಿ ಸೇರಿಸುತ್ತದೆ.

ಸುವಾರ್ತೆಯನ್ನು ಅಧ್ಯಾಯದ ಲೆಕ್ಕದಲ್ಲಿ ಓದುವುದಿಲ್ಲ. ಲೂಕನ ಮೊದಲ ಅಧ್ಯಾಯವೇ 80 ವಚನ. ಒಂದು ಪ್ರಸಂಗ, 15ರಿಂದ 20 ವಚನ ಸಾಕು. ಓದಿದ ಮೇಲೆ ಉಪದೇಶ ಮಾಡಬಾರದು. ಮನೆಯ ಹಿರಿಯರಿಗೆ ಇದು ಬಹಳ ಕಷ್ಟ, ಗೊತ್ತು. ದಾರಿತಪ್ಪಿದ ಮಗನ ಸಾಮ್ಯ ಕಥೆ ಓದಿ, ಎದುರಿಗೆ ಕೂತ ಮಗನ ಕಡೆ ನೋಡಿದರೂ ಮುಗಿಯಿತು, ನಾಳೆಯಿಂದ ಅವನಿಗೆ ಟ್ಯೂಶನ್ ಇರುತ್ತದೆ.

ಬಿನ್ನಹಕ್ಕೆ ಒಂದು ನೋಟ್‌ಬುಕ್. ಎಡಕ್ಕೆ ಹೆಸರು, ತಾರೀಕು. ಬಲಗಡೆ ಖಾಲಿ, ಬೇಡಿದ್ದು ಈಡೇರಿ ಸ್ತೋತ್ರ ಹೇಳುವ ದಿನ ತುಂಬಲು. ಸೋಮವಾರ ರೋಗಿಗಳು, ಮಂಗಳವಾರ ಓದುವ ಮಕ್ಕಳು, ಬುಧವಾರ ಸಭೆ, ಹೀಗೆ ವಾರಕ್ಕೆ ಹಂಚಿದ್ದೇವೆ. ದಿನಕ್ಕೆ 5 ಹೆಸರು ಮೀರಿದರೆ ಅದು ಹಾಜರಿ ಪುಸ್ತಕ. ಹೆಸರು, ಕಷ್ಟ, ಅಷ್ಟೇ; ವಿವರ ಬೇಡ. ಯಾರದೋ ಮದುವೆ ಮುರಿದ ಕಾರಣವನ್ನು ಕಣ್ಣು ಮುಚ್ಚಿಕೊಂಡು ದೇವರಿಗೆ ತಿಳಿಸಿದರೂ ಅದು ಚಾಡಿಯೇ. ಉಸಿರಿಗೊಮ್ಮೆ "ಕರ್ತನೇ, ಕರ್ತನೇ" ಎನ್ನುವ ಅಭ್ಯಾಸವೂ ಅಷ್ಟೇ. ಮುಂದೇನು ಹೇಳಬೇಕೆಂದು ತೋಚದಾಗ ಆ ಹೆಸರು ಬಾಯಿಗೆ ಬರುತ್ತದೆ. ತೋಚದಿದ್ದರೆ ಸುಮ್ಮನಿರಬಹುದು.

ಕನ್ನಡದಲ್ಲಿ ಇನ್ನೊಂದು ತೊಡಕು ನೀನು, ನೀವು. ನಮ್ಮ ಕರ್ತನ ಪ್ರಾರ್ಥನೆಯಲ್ಲಿ ತಂದೆಗೆ "ನಿನ್ನ ನಾಮ" ಎನ್ನುತ್ತೇವೆ, ಕಥೋಲಿಕರು "ನಿಮ್ಮ ನಾಮ" ಎನ್ನುತ್ತಾರೆ. ವಚನಕಾರರೂ ದಾಸರೂ ದೇವರನ್ನು ನೀನು ಎಂದೂ ಕರೆದ ಭಾಷೆ ಇದು, ಅದರಲ್ಲಿ ಅಗೌರವವಿಲ್ಲ. ಆದರೆ ಒಂದೇ ಪ್ರಾರ್ಥನೆಯಲ್ಲಿ "ನೀನು ಕರುಣಿಸು, ನೀವು ಕಾಪಾಡಿ" ಎಂದು ಎರಡೂ ಬಂದರೆ ಯಾರಿಗೆ ಹೇಳುತ್ತಿದ್ದೇವೆ ಎಂಬ ಎಚ್ಚರ ತಪ್ಪಿದೆ ಎಂದರ್ಥ. ಕಥೋಲಿಕ ನೆಂಟರು ಬಂದ ದಿನ ಅವರೇ ಮುಂದಾಳಾಗಲಿ, ಅವರ ಮಾತನ್ನೇ ನಾವೂ ಹಿಡಿಯುತ್ತೇವೆ.

ಕಾಣಿಕೆಗೆ ಅಡುಗೆಮನೆಯಲ್ಲೊಂದು ಡಬ್ಬ. ದಿನಕ್ಕೊಂದು ಹಿಡಿ ಅಕ್ಕಿ, ಅನ್ನಕ್ಕೆ ಅಳೆಯುವ ಮೊದಲೇ. ಅಳೆದು ಉಳಿದದ್ದನ್ನು ಹಾಕಿದರೆ ಒಂದು ವಾರದಲ್ಲಿ ಮರೆತೇ ಹೋಗುತ್ತದೆ. ನಮ್ಮ ಹಿಡಿ ಸುಮಾರು 35 ಗ್ರಾಂ, ತಿಂಗಳಿಗೆ 1 ಕಿಲೋ ಚಿಲ್ಲರೆ. ಒದ್ದೆ ಕೈ ಹಾಕಿದರೆ ಮುಗ್ಗಲು, ಹೆಚ್ಚು ದಿನ ಬಿಟ್ಟರೆ ಹುಳು. ಒಣಮೆಣಸಿನಕಾಯಿ 4 ಹಾಕಿ, ತಿಂಗಳ ಮೊದಲ ಭಾನುವಾರ ಖಾಲಿ ಮಾಡುತ್ತೇವೆ. ಊಟಕ್ಕೆ ಬಳಸುವ ಅಕ್ಕಿಯೇ ಡಬ್ಬಕ್ಕೂ, ರೇಷನ್ ಅಕ್ಕಿ ಬೇರೆ ಮಾಡಿ ಹಾಕುವಂತಿಲ್ಲ.

ತಪ್ಪಿದ ದಿನಗಳ ಬಾಕಿ ತೀರಿಸುವುದಿಲ್ಲ. ಮೂರು ಕೀರ್ತನೆ ಒಟ್ಟಿಗೆ ಓದಿದರೆ ಒಂದೂ ಕಿವಿಗೆ ಬೀಳುವುದಿಲ್ಲ. ರಾತ್ರಿ 10ಕ್ಕೆ ಮನೆ ಸೇರಿದ ದಿನ 117ನೆಯದು. ಇರುವುದು 2 ವಚನ. ನಿಂತೇ ಓದಿ, ಕರ್ತನ ಪ್ರಾರ್ಥನೆ ಹೇಳಿ ಊಟಕ್ಕೆ ಕೂರುತ್ತೇವೆ. ಕೆಂಪು ರಿಬ್ಬನ್ ಇದ್ದಲ್ಲೇ ಇರುತ್ತದೆ.