ಸ್ಟೇಜಿನಲ್ಲಿ ಬೈಯುವುದು ಹೇಗೆ?

ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುತ್ತೀರಾ? ಮೊದಲು ಸ್ಕ್ರಿಪ್ಟಿನಲ್ಲಿರುವ ಬೈಗುಳಗಳನ್ನೆಲ್ಲ ಹೊಡೆದು ಹಾಕಿ, ನಾಲ್ಕು ಸ್ನೇಹಿತರ ಮುಂದೆ ಹೇಳಿ ನೋಡಿ. ನಗು ಬಂದರೆ ಜೋಕ್ ಗಟ್ಟಿ ಇದೆ, ಬೇಕಿದ್ದರೆ ಬೈಗುಳ ಆಮೇಲೆ ಸೇರಿಸಿ. ಬರಲಿಲ್ಲವಾ? ಹಾಗಾದರೆ ಬೈದಾಗ ಬರುವ ನಗು ಜೋಕಿಗಲ್ಲ, ಮೈಕಿನಲ್ಲಿ ಅಂಥ ಮಾತು ಕೇಳಿದ ಮುಜುಗರಕ್ಕೆ. ಅದು ಒಂದು ಸಲಕ್ಕೆ ಮುಗಿಯಿತು.

ಆಮೇಲೆ ಎದುರಿಗೆ ಯಾರಿದ್ದಾರೆ ನೋಡಿ. ಮಣಿಪಾಲದ ಕೆಫೆಯಲ್ಲಿ ಕಾಲೇಜು ಹುಡುಗರಿರುತ್ತಾರೆ, ಅರ್ಧ ಜನಕ್ಕೆ ತುಳು ಬರುವುದಿಲ್ಲ. ಮಂಗಳೂರಿನ ಟೌನ್‌ಹಾಲಿನಲ್ಲಿ ಅಜ್ಜಿ, ಚಿಕ್ಕಮ್ಮ, ಮೊಮ್ಮಗ ಒಂದೇ ಸಾಲಿನಲ್ಲಿ. ಆದರೂ ತುಳು ನಾಟಕದಲ್ಲಿ ಅಪ್ಪ ಮಗನಿಗೆ "ಬೇವರ್ಸಿ" ಅಂದರೆ ಆ ಅಜ್ಜಿಯೇ ಎಲ್ಲರಿಗಿಂತ ಜೋರಾಗಿ ನಗುತ್ತಾರೆ, ಯಾಕೆಂದರೆ ಬೈದದ್ದು ನಟ ಅಲ್ಲ, ತಲೆಕೆಟ್ಟ ಅಪ್ಪ. ನೀವೂ ಅಷ್ಟೇ ಮಾಡಿ: ಬೈಗುಳವನ್ನು ಪಾತ್ರದ ಬಾಯಿಗೆ ಕೊಡಿ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸಿನ ಡ್ರೈವರ್, ಎದುರಿಗೆ ಒಂದು ಸ್ಕೂಟರ್ ಅಂತ ಇಟ್ಟುಕೊಳ್ಳಿ. ಮೊದಲು "ಸ್ವಲ್ಪ ಬದಿಗೆ ಹೋಗಿ ಮಾರಾಯ್ರೆ". ಸ್ಕೂಟರ್ ಅಲ್ಲೇ. "ಎಂತ ಮಾರಾಯ, ರೋಡ್ ನಿನ್ನ ಅಜ್ಜಂದಾ?" ಇನ್ನೂ ಅಲ್ಲೇ. ಈಗ ಹಾರ್ನ್, ಆಮೇಲೆ "ಬೇ..." ಅಂತ ಬಾಯಿ ತೆರೆದು ನಿಲ್ಲಿಸಿಬಿಡಿ, ಉಳಿದದ್ದನ್ನು ಜನರೇ ಹೇಳುತ್ತಾರೆ. ಮೊದಲ ಸಾಲಿನಲ್ಲೇ ಬೈದಿದ್ದರೆ ಮತ್ತೆ ಏರುವುದಕ್ಕೆ ಮೆಟ್ಟಿಲೇ ಇರುತ್ತಿರಲಿಲ್ಲ ಅಲ್ವಾ? ಒಂದು ಸೆಟ್ಟಿಗೆ, ಅಂದರೆ ಒಂದು ಸಲ ಸ್ಟೇಜ್ ಹತ್ತಿ ಹೇಳುವಷ್ಟಕ್ಕೆ, ಇಂಥದ್ದು ಒಂದೋ ಎರಡೋ ಸಾಕು. ಜಾಸ್ತಿಯಾದರೆ ಕಿವಿ ಒಗ್ಗಿಹೋಗುತ್ತದೆ.

ಜಾತಿ ಹಿಡಿದು ಬೈಯುವುದು ಬೇಡವೇ ಬೇಡ, ಪಾತ್ರದ ಬಾಯಲ್ಲೂ ಬೇಡ. ಪರಿಶಿಷ್ಟರನ್ನು ಜನರೆದುರು ಜಾತಿ ಹೆಸರು ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ತಾಯಿ, ತಂಗಿ ಹೆಸರಿನ ಬೈಗುಳ ನನಗಂತೂ ಸೋಮಾರಿತನ ಅನಿಸುತ್ತದೆ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಮಾತಾಡಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಮೆರಿಕದಲ್ಲೂ ಲೆನ್ನಿ ಬ್ರೂಸ್ ಎಂಬ ಕಾಮಿಡಿಯನ್‌ಗೆ 1964ರಲ್ಲಿ ಸ್ಟೇಜಿನ ಮಾತಿಗೇ ಶಿಕ್ಷೆಯಾಗಿತ್ತು. ಕ್ಷಮಾದಾನ ಸಿಕ್ಕಿದ್ದು 2003ರಲ್ಲಿ, ಅಷ್ಟರಲ್ಲಿ ಅವನು ಸತ್ತು ದಶಕಗಳೇ ಕಳೆದಿದ್ದವು.

ಪ್ರೇಕ್ಷಕರಲ್ಲಿ ಯಾರಾದರೂ ಕೆಣಕಿದರೆ ತಿರುಗಿ ಬೈಯಬೇಡಿ, ಸಭೆ ಅವರ ಕಡೆಗೆ ಹೋಗುತ್ತದೆ. ರೆಕಾರ್ಡಿಂಗ್ ಇದೆಯಾ ಅಂತ ಆಯೋಜಕರನ್ನು ಮೊದಲೇ ಕೇಳಿಡಿ, ಕ್ಲಿಪ್ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಬಂದೇ ಬರುತ್ತದೆ. ರೀಲ್ಸ್‌ಗೆ ಹಾಕುವಾಗ ಬೀಪ್ ಹಾಕಿ ನೋಡಿ. ಬೀಪ್‌ಗೇ ಜಾಸ್ತಿ ನಗು ಬಂದರೆ, ಮುಂದಿನ ಶೋನಲ್ಲಿ ಆ ಮಾತನ್ನು ಅರ್ಧಕ್ಕೇ ನುಂಗಿ.