ಒಂದು ಡಬ್ಬ ಕಾಫಿ ಬೀಜ ಇಟ್ಟುಕೊಂಡು ಸೆಮಿನಾರ್ ಮಾಡಿದ್ದು

ಪಾಪ್ಯುಲೇಶನ್ ಜೆನೆಟಿಕ್ಸ್ (ಒಂದು ಗುಂಪಿನ ಜೀನುಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಅನ್ನುವ ಶಾಸ್ತ್ರ) ಮತ್ತು ವಿಕಾಸದ ಬಗ್ಗೆ ಮಡಿಕೇರಿಯಲ್ಲಿ ಎರಡು ದಿನದ ಸೆಮಿನಾರ್ ಮಾಡೋಣ ಅಂತ ನಾವು ನಾಲ್ಕು ಜನ ಮೇಷ್ಟ್ರುಗಳು ಹೊರಟಾಗ ತಲೆಬಿಸಿ ಆಗಿದ್ದು ವಿಷಯದ್ದಲ್ಲ, ತಾರೀಕಿನದ್ದು. ಜೂನ್‌ನಿಂದ ಮಳೆ. ಆಮೇಲೆ ತೀರ್ಥೋದ್ಭವ, ಹುತ್ತರಿ, ಅದು ಮುಗಿಯುವಷ್ಟರಲ್ಲಿ ಕಾಫಿ ಕೊಯ್ಲು. ಬೆಳೆಗಾರರೂ ಬರಲಿ ಅನ್ನುವುದು ನಮ್ಮ ಆಸೆ, ನಮಗೆ ನಾವೇ ಓದಿಕೊಳ್ಳುವುದಾದರೆ ಸ್ಟಾಫ್ ರೂಮೇ ಸಾಕಲ್ವಾ? ಕೊನೆಗೆ ಮಾರ್ಚ್ ಅಂತ ಆಯಿತು.

ನನ್ನ ಪಾಲಿಗೆ ಬಂದಿದ್ದು ಜೆನೆಟಿಕ್ ಡ್ರಿಫ್ಟ್. ಅಂದರೆ ಒಂದು ಜೀನಿನ ರೂಪ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ, ಸುಮ್ನೆ ಅದೃಷ್ಟದ ಮೇಲೆ ಹೆಚ್ಚುವುದು, ಇಲ್ಲವೇ ಮಾಯವಾಗುವುದು. ಸ್ಲೈಡಿನಲ್ಲಿ ಸೂತ್ರ ತೋರಿಸಿದರೆ ಮಧ್ಯಾಹ್ನದ ಊಟ ಮುಗಿಸಿ ಬಂದವರು ಮಲಗುತ್ತಾರೆ. ಅದಕ್ಕೆ ಕಾಫಿ ಬೀಜ ತೆಗೆದುಕೊಂಡೆ. ಅರ್ಧ ಹಸಿ ಬೀಜ, ಅರ್ಧ ಹುರಿದದ್ದು, ಒಂದು ಜೀನಿನ ಎರಡು ರೂಪ ಅಂತ. ಹಿಂದಿನ ದಿನ ಆಡಿಸಿ ನೋಡಿದಾಗ ಒಬ್ಬಳು ವಿದ್ಯಾರ್ಥಿನಿ, "ಮೇಡಂ, ಹುರಿದದ್ದು ಊದಿಕೊಂಡಿದೆ, ಹಗುರ ಬೇರೆ, ಕಣ್ಣು ಮುಚ್ಚಿದರೂ ಕೈಗೆ ಗೊತ್ತಾಗುತ್ತೆ" ಅಂದಳು. ಸರಿಯಾದ ಮಾತು. ಕೈ ಆರಿಸುತ್ತಿದೆ ಅಂದರೆ ಅದು ಡ್ರಿಫ್ಟ್ ಅಲ್ಲ, ಆಯ್ಕೆ. ರಾತ್ರಿ ಕೂತು ಹಸಿ ಬೀಜಗಳಲ್ಲೇ ಅರ್ಧವನ್ನು ಕೆಂಪು ಇಂಕಿನಲ್ಲಿ ಅದ್ದಿ ಒಣಗಿಸಿದೆವು. ನನ್ನ ಬೆರಳು ಎರಡು ದಿನ ಕೆಂಪಾಗಿಯೇ ಇತ್ತು.

ಆಟ ಹೀಗೆ. ಡಬ್ಬದಲ್ಲಿ 100 ಕೆಂಪು, 100 ಬಿಳಿಚು ಬೀಜ. ಕಣ್ಣು ಮುಚ್ಚಿ ಒಂದು ತೆಗೆದು, ಬಣ್ಣ ಬರೆದುಕೊಂಡು, ವಾಪಸ್ ಹಾಕಬೇಕು. ಹೀಗೆ 10 ಸಲ. 6 ಕೆಂಪು ಬಂದರೆ ಮುಂದಿನ ತಲೆಮಾರಿಗೆ ಡಬ್ಬದಲ್ಲಿ 120 ಕೆಂಪು, 80 ಬಿಳಿಚು. ಮತ್ತೆ 10. ಸರಾಸರಿ 14 ಸುತ್ತಿನ ಹೊತ್ತಿಗೆ ಒಂದು ಬಣ್ಣ ಪೂರ್ತಿ ಖಾಲಿ! ಹತ್ತರ ಬದಲು ನೂರು ತೆಗೆದರೆ ಸುಮಾರು 140 ಸುತ್ತು ಬೇಕು, ಅಷ್ಟು ತಾಳ್ಮೆ ಯಾರಿಗಿದೆ. ಚಿಕ್ಕ ಗುಂಪಿನಲ್ಲಿ ವೈವಿಧ್ಯ ಬೇಗ ಕರಗುತ್ತದೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ, ಒಂದು ಮೇಜಿನವರು ಐದನೇ ಸುತ್ತಿಗೇ ಕೆಂಪು ಕಳೆದುಕೊಂಡು ಕೂತಿದ್ದರು.

ಅಲ್ಲಿಂದ, ನಮ್ಮ ನಾಡಿಗೆ ಕಾಫಿ ತಂದರು ಅನ್ನುವ ಬಾಬಾ ಬುಡನ್ ಕಥೆಗೆ ಹೋಗುವುದು ಸುಲಭವಾಯಿತು. ಅವರು ತಂದದ್ದು ಏಳು ಬೀಜ ಅಂತಾರೆ. ಕಥೆ ನಿಜವೋ ಏನೋ, ಆದರೆ ಏಳೇ ಬೀಜದಿಂದ ತೋಟಗಳು ಹಬ್ಬಿದವು ಅಂದರೆ ಡಬ್ಬ ಶುರುವಿನಲ್ಲೇ ಎಷ್ಟು ಚಿಕ್ಕದಿತ್ತು ನೋಡಿ. ಮೇಲಾಗಿ ಅರೇಬಿಕಾ ಜಾತಿಯ ಕಾಫಿ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ್ದೇ ಬೇಕು. ಅರೇಬಿಕಾಕ್ಕೆ 44 ಕ್ರೋಮೋಸೋಮ್, ರೋಬಸ್ಟಾಕ್ಕೆ 22, ರೋಬಸ್ಟಾ ಮತ್ತು ಯೂಜೀನಿಯಾಯ್ಡಿಸ್ ಎಂಬ ಆಫ್ರಿಕಾದ ಇನ್ನೊಂದು ಜಾತಿ ಕೂಡಿ ಅರೇಬಿಕಾ ಹುಟ್ಟಿತು ಅಂದಾಗ ಹಿಂದಿನ ಸಾಲಿನಲ್ಲಿ ಗುಸುಗುಸು. ರೋಬಸ್ಟಾವನ್ನು ಕೀಳಾಗಿ ಮಾತಾಡುವವರಿಗೆ ಅದೇ ಅಪ್ಪನೋ ಅಮ್ಮನೋ ಆಗಿಬಿಟ್ಟಿತಲ್ಲ.

ಪ್ರಶ್ನೆಗಳ ಹೊತ್ತಿಗೆ ಬಂತು, ಬರಲೇಬೇಕಾಗಿದ್ದ ಪ್ರಶ್ನೆ. ಹಿರಿಯ ಬೆಳೆಗಾರರೊಬ್ಬರು ಎದ್ದು, "ನಾವು ಕೊಡವರು ಗ್ರೀಕರ ವಂಶ ಅಂತಾರಲ್ಲ, ಹೌದಾ, ಅಲ್ವಾ? ಡಿಎನ್ಎ ಏನು ಹೇಳುತ್ತೆ ಮೇಡಂ?" ನಾನು ಒಕ್ಕದ, ಅಂದರೆ ಕೊಡವರ ಮನೆತನದ, ಹೆಸರು ಹಿಡಿದುಕೊಂಡೆ. ಒಕ್ಕದ ಹೆಸರಿನ ಹಾಗೆ ವೈ ಕ್ರೋಮೋಸೋಮ್ ಕೂಡ ಅಪ್ಪನಿಂದ ಮಗನಿಗೆ ಹೋಗುತ್ತದೆ, ಮೈಟೊಕಾಂಡ್ರಿಯಾದ ಡಿಎನ್ಎ ತಾಯಿಯಿಂದ. ಹತ್ತು ತಲೆಮಾರು ಹಿಂದೆ ಹೋದರೆ ಹಿರಿಯರ ಜಾಗ 1024. ಅದರಲ್ಲಿ ಈ ಎರಡು ಪರೀಕ್ಷೆ ತೋರಿಸುವುದು ಇಬ್ಬರನ್ನು ಮಾತ್ರ. ಉಳಿದ 1022 ಜನರನ್ನು ಬಿಟ್ಟು ಮೂಲ ಹೇಳುವುದು ಹೇಗೆ?

ಅವರು ಕೂರಲಿಲ್ಲ. "ಸರಿ, ಗಂಡು ಮಕ್ಕಳಿಲ್ಲದ ಒಕ್ಕಕ್ಕೆ ಅಳಿಯ ಬಂದು, ಮಕ್ಕಳು ತಾಯಿಯ ಒಕ್ಕದ ಹೆಸರು ಹಿಡಿದರೆ?" ಹೆಸರು ಉಳಿಯುತ್ತದೆ, ವೈ ಬದಲಾಗುತ್ತದೆ ಸರ್, ಅಂದೆ. ಇಷ್ಟು ಚೆನ್ನಾದ ಪ್ರಶ್ನೆ ನಮ್ಮ ಎಂಎಸ್ಸಿ ವೈವಾದಲ್ಲೂ ಕೇಳಿಲ್ಲ. ಬೇರೆಯವರ ಭಾಷಣಗಳಿಗೆ ನಾವು 12 ನಿಮಿಷ, ಪ್ರಶ್ನೆಗೆ ಮೂರೇ ನಿಮಿಷ ಇಟ್ಟಿದ್ದು ತಪ್ಪಾಯಿತು. ಮುಂದಿನ ಸಲ ಅರ್ಧಕ್ಕರ್ಧ.

ಎರಡನೇ ದಿನ ಮೂರು ಗಂಟೆಗೆ ಗುಡುಗಿತು. ಹಂಚಿನ ಮೇಲೆ ದಪ್ಪ ಹನಿ. ಅರ್ಧ ಸಭಾಂಗಣ ಫೋನ್ ಹಿಡಿದು ಎದ್ದು ಹೊರಗೆ ಹೋಯಿತು. ಮೈಸೂರಿನಿಂದ ಬಂದಿದ್ದ ಭಾಷಣಕಾರರು ಗಾಬರಿಯಿಂದ, "ನಾನೇನಾದರೂ ತಪ್ಪು ಹೇಳಿದೆನಾ?" ಅಂದರು.

"ಇಲ್ಲ ಸರ್, ಹೂಮಳೆ, ಕಾಫಿ ಹೂ ಅರಳಿಸುವ ಮಳೆ" ಅಂದೆ. ವರಾಂಡದಲ್ಲಿ ಆಗಲೇ ಒಬ್ಬರು ಮನೆಗೆ ಫೋನ್ ಹಚ್ಚಿ ಕೂಗುತ್ತಿದ್ದರು: "ಅಲ್ಲಿ ಎಷ್ಟು ಸೆಂಟ್ ಮಳೆ ಆಯ್ತು?"